ಜೆಲ್ ಉಗುರು: ಎಲ್ಲ ಕೈಗವಸೂ ರಕ್ಷಣೆಯಲ್ಲ

ಮಾನ್ಯ ಸಂಪಾದಕರೇ,

ಬ್ಯೂಟಿ ಪಾರ್ಲರ್‌ಗಳಲ್ಲಿ ಜೆಲ್ ಉಗುರು (ಉಗುರಿಗೆ ಜೆಲ್ ಹಚ್ಚಿ ಯುವಿ ದೀಪದಡಿ ಗಟ್ಟಿಗೊಳಿಸುವ ಅಲಂಕಾರ) ಮಾಡುವವರು ಬರಿಗೈಯಲ್ಲೋ ಲೇಟೆಕ್ಸ್ ಕೈಗವಸು ತೊಟ್ಟೋ ಕೆಲಸ ಮಾಡುವುದು ಚರ್ಮದ ಅಲರ್ಜಿಗೆ ದಾರಿಯಾಗುತ್ತಿದೆ. ಜೆಲ್‌ನಲ್ಲಿರುವ ‘ಹೆಮಾ’ದಂಥ ಅಕ್ರಿಲೇಟ್ ಎಂಬ ರಾಸಾಯನಿಕಗಳು ದೀಪದಡಿ ಪೂರ್ತಿ ಗಟ್ಟಿಯಾದ ಮೇಲೆ ಅಪಾಯ ಕಡಿಮೆ. ಹಸಿ ಜೆಲ್, ಮೇಲುಳಿಯುವ ಅಂಟು ಪದರ, ಅರೆಗಟ್ಟಿ ಜೆಲ್ ಉಜ್ಜಿದಾಗ ಏಳುವ ಪುಡಿ ಚರ್ಮಕ್ಕೆ ತಾಗಿದರೆ ತೊಂದರೆ. ಲೇಟೆಕ್ಸ್, ವಿನೈಲ್ ಕೈಗವಸುಗಳನ್ನು ಈ ರಾಸಾಯನಿಕಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ವಾಸಿ, ಆದರೆ ತೆಳುವಾದುದನ್ನು ಹೆಚ್ಚೆಂದರೆ ಅರ್ಧ ಗಂಟೆಗೊಮ್ಮೆ, ಜೆಲ್ ತಾಗಿದರೆ ತಕ್ಷಣವೇ ಬದಲಿಸಬೇಕು. ಬೆರಳ ತುದಿಯಿಲ್ಲದ ಕೈಗವಸು ಯುವಿ ಬೆಳಕಿಗಷ್ಟೇ ತಡೆ, ಜೆಲ್‌ಗೆ ಅಲ್ಲ.

ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮುಂದೆ ಅಕ್ರಿಲೇಟ್ ಇರುವ ಹಲ್ಲಿನ ಫಿಲ್ಲಿಂಗ್, ರಕ್ತದ ಸಕ್ಕರೆ ಅಳೆಯಲು ಮೈಗೆ ಅಂಟಿಸುವ ಸೆನ್ಸರ್‌ನ ಅಂಟು ಕೂಡ ಒಗ್ಗದೇ ಹೋಗಬಹುದು. ಐರೋಪ್ಯ ಒಕ್ಕೂಟವು 2020ರಲ್ಲೇ ಹೆಮಾ ಇರುವ ಉಗುರು ಉತ್ಪನ್ನಗಳನ್ನು ವೃತ್ತಿಪರರ ಬಳಕೆಗೆ ಸೀಮಿತಗೊಳಿಸಿ, ಅಲರ್ಜಿಯ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಕಿಟ್ ತರಿಸಿಕೊಂಡು ಮನೆಯಲ್ಲೇ ಹಚ್ಚಿಕೊಳ್ಳುವವರಿಗೇನೂ ಕೊರತೆಯಿಲ್ಲ. ಬಾಟಲಿಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಮುದ್ರಿಸುವಂತೆ, ಬ್ಯೂಟಿಷಿಯನ್ ತರಬೇತಿಯಲ್ಲಿ ಜೆಲ್ ಚರ್ಮಕ್ಕೆ ತಾಗದಂತೆ ಹಚ್ಚುವುದನ್ನೂ ಕೈಗವಸಿನ ಆಯ್ಕೆಯನ್ನೂ ಕಲಿಸುವಂತೆ ಸಂಬಂಧಪಟ್ಟ ಇಲಾಖೆಗಳು ಕ್ರಮ ಕೈಗೊಳ್ಳಲಿ.