ಕರ್ಯೋಬಿನ್ ಕೇಳಿ ಬರೆದ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಲೇಖನ ಎರಡು ಸಲ ಓದಿದೆ. 'ಕರ್ಯೋಬಿನ್' ಎಂಬ ಜಾಝ್ ಆಲ್ಬಮ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೀಯಲ್ಲ, ನನಗೆ ಅದೇ ದೊಡ್ಡ ಖುಷಿ. ಆದರೆ ಮೊದಲ ಪುಟದಲ್ಲೇ 'ಸ್ಫೋಟ', 'ಅಬ್ಬರ', 'ಬಿರುಗಾಳಿ' ಎಲ್ಲ ಬಂದುಬಿಟ್ಟಿವೆ. ಅಬ್ಬರ ಎಲ್ಲಿದೆ ಹೇಳು? ಮೊದಲೇ ಏನನ್ನೂ ಗೊತ್ತುಮಾಡಿಕೊಳ್ಳದೆ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ಫ್ರೀ ಜಾಝ್ ಅಂದರೆ ಹೀಗೇ ಅಂದುಕೊಂಡು, ಕೇಳುವ ಮೊದಲೇ ಮಾತು ಆರಿಸಿಟ್ಟುಕೊಂಡೆಯೇನೋ. ನಾನೂ ಮೊದಲು ಹಾಗೇ ಬರೆಯುತ್ತಿದ್ದೆ. ಆ ಬರಹಗಳನ್ನು ಈಗ ಓದಿದರೆ ಬೇಸರವಾಗುತ್ತದೆ.

ಈ ಆಲ್ಬಮ್ ಧ್ವನಿಮುದ್ರಣವಾದದ್ದು 1968ರ ಫೆಬ್ರವರಿ 18ರಂದು, ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ. ಡ್ರಮ್ಸ್‌ಗೆ ಜಾನ್ ಸ್ಟೀವನ್ಸ್, ಸ್ಯಾಕ್ಸೊಫೋನಿಗೆ ಎವನ್ ಪಾರ್ಕರ್, ಗಿಟಾರಿಗೆ ಡೆರೆಕ್ ಬೇಲಿ, ಬಾಸ್‌ಗೆ ಡೇವ್ ಹಾಲೆಂಡ್. ಟ್ರಂಪೆಟ್ ಊದುವ ಕೆನ್ನಿ ವೀಲರ್ ಕೆನಡಾದಿಂದ ಬಂದು ಲಂಡನ್ನಿನಲ್ಲೇ ನೆಲೆಸಿದವರು. ಐದೇ ಜನ. ಸ್ಟೀವನ್ಸ್ ತಮ್ಮ ಜೊತೆಯವರಿಗೆ ಹೇಳುತ್ತಿದ್ದುದು ಇಷ್ಟು: ಪಕ್ಕದವರು ನುಡಿಸುವುದು ನಿಮಗೆ ಕೇಳಿಸದಿದ್ದರೆ ನಿಮ್ಮ ಸದ್ದು ಜಾಸ್ತಿಯಾಗಿದೆ.

ಇದನ್ನು ಮನಸ್ಸಿನಲ್ಲಿಟ್ಟು ಮತ್ತೆ ಕೇಳು. ಬೇಲಿ ಎಷ್ಟೋ ಕಡೆ ಒಂದು ತಂತಿ ಮೀಟಿ, ಅದರ ನಾದ ಹರಡುವ ಮೊದಲೇ ತಡೆದುಬಿಡುತ್ತಾರೆ. ಆ ಜಾಗದಲ್ಲಿ ಪಾರ್ಕರ್ ಚುಟುಕಾಗಿ ಊದಿ ಸುಮ್ಮನಾಗುತ್ತಾರೆ. ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ, ಸಿಂಬಲ್ ಮೇಲೆ ಸ್ಟೀವನ್ಸ್ ಅವರ ಕಡ್ಡಿ ತಾಗಿದ್ದೇ ಗೊತ್ತಾಗದು, ಅಷ್ಟು ಹಗುರ. ನೀನು ಇದನ್ನು ಜುಗಲ್‌ಬಂದಿ ಅಂದಿದ್ದೀಯ. ಜುಗಲ್‌ಬಂದಿಯಲ್ಲಿ ಇಬ್ಬರಿಗೂ ಗೊತ್ತಿರುವ ರಾಗ ಇರುತ್ತದೆ, ತಾಳ ಇರುತ್ತದೆ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ಉತ್ತರ ಇರುತ್ತದೆ. ಇಲ್ಲಿ ಮೊದಲೇ ಒಪ್ಪಿಕೊಂಡ ರಾಗವೂ ಇಲ್ಲ, ತಾಳವೂ ಇಲ್ಲ. ಒಬ್ಬರು ಮುಂದೆ, ಉಳಿದವರು ಪಕ್ಕವಾದ್ಯ ಅನ್ನುವುದೂ ಇಲ್ಲ. ಆ ಹೋಲಿಕೆ ಬಿಟ್ಟುಬಿಡು.

ಹಾಲೆಂಡ್ ಅದೇ ವರ್ಷ ಅಮೆರಿಕದ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದ್ದಕ್ಕೆ ಅರ್ಧ ಪುಟ ಕೊಟ್ಟಿದ್ದೀಯ. ಒಂದು ಸಾಲು ಸಾಕು. ಅದರ ಬದಲು ಒಂದು ದಿನ ಅವರ ಬಾಸ್ ಒಂದನ್ನೇ ಹಿಂಬಾಲಿಸು. ಮರುದಿನ ಟ್ರಂಪೆಟ್. ಕೇಳುವಾಗ ಪೆನ್ನು ಹಿಡಿಯಬೇಡ. ಆಮೇಲೆ ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಬರಿ. 'ಅದ್ಭುತ' ಅಂತ ಬರೆಯಬೇಕು ಅನ್ನಿಸಿದ ಕಡೆ, ಯಾರ ಕೈ ಏನು ಮಾಡಿತು ಅಂತ ಬರಿ.

ಇನ್ನೊಂದು ಮಾತು. ಕರ್ಯೋಬಿನ್ ಅಂದರೆ ಸ್ವರ್ಗದಲ್ಲಿ ಇರುತ್ತದೆ ಅನ್ನುವ ಹಕ್ಕಿ. ಜಪಾನಿನ ಈ ಹೆಸರಿನ ಮೂಲ ಸಂಸ್ಕೃತದ 'ಕಲವಿಂಕ'. ನಿಘಂಟು ತೆಗೆದು ನೋಡು, ಕಲವಿಂಕ ಅಂದರೆ ಗುಬ್ಬಿ! ನಿನ್ನ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ಅಲ್ಲಿಂದಲೇ ಶುರು ಮಾಡಬಹುದಲ್ವಾ?

ತಿದ್ದಿ ಕಳಿಸು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ