ಬೆಟ್ಟದ ಎರಡೂ ಮಗ್ಗುಲು ನೋಡಿ ಬರೋಣ

ರೆಂಟನ್, ವಾಷಿಂಗ್ಟನ್ ರಾಜ್ಯ

ಪೂಜ್ಯ ಅಪ್ಪಾಜಿ ಮತ್ತು ಅವ್ವನಿಗೆ,

ನಿಮ್ಮ ಮಗಳು ಸುಜಾತಾ ಮಾಡುವ ಶರಣು ಶರಣಾರ್ಥಿಗಳು. ನಾವಿಲ್ಲಿ ಕ್ಷೇಮ. ನೀವಿಬ್ಬರು, ಅಣ್ಣ, ವೈನಿ, ಮಕ್ಕಳು ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ.

ವೀಸಾ ಸಿಕ್ಕಿತು ಅಂತ ಅಣ್ಣ ಹೇಳಿದ ದಿನದಿಂದ ನನಗೆ ಅದೇ ಧ್ಯಾನ. ನಿಮ್ಮ ಅಳಿಯ ಮತ್ತು ನಾನು ಕೂತು ಒಂದು ವಾರದ ತಿರುಗಾಟ ಹೊಂದಿಸಿದ್ದೇವೆ. ಇಷ್ಟೆಲ್ಲ ಫೋನಿನಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ಅಪ್ಪಾಜಿ, ನೀವು ಅರ್ಧಕ್ಕೇ "ಬಂದ ಮೇಲೆ ನೋಡೋಣ ಬಿಡು" ಅಂದುಬಿಡುತ್ತೀರಿ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಜೊತೆಗೊಂದು ನಕ್ಷೆ ಇಟ್ಟಿದ್ದೇನೆ. ಕೆಂಪು ಪೆನ್ನಿನಲ್ಲಿ ಎಳೆದದ್ದು ನಮ್ಮ ದಾರಿ.

ಮೊದಲು ತಿಂಗಳಿನ ಮಾತು. ಏಪ್ರಿಲ್‌ನಲ್ಲಿ ಹೊಲದ ಕೆಲಸ ಇರುವುದಿಲ್ಲ, ಕಲಬುರಗಿ ಬಿಸಿಲೂ ತಪ್ಪುತ್ತದೆ, ಆಗಲೇ ಬರುತ್ತೇವೆ ಅಂದಿರಿ. ಮಾತು ಸರಿ. ಆದರೆ ಏಪ್ರಿಲ್, ಮೇನಲ್ಲಿ ಇಲ್ಲಿ ಎತ್ತರದ ರಸ್ತೆಗಳ ಮೇಲೆ ಇನ್ನೂ ಹಿಮ ಇರುತ್ತದೆ. ನಾವು ಕೊನೆಗೆ ಹೋಗುವ ಸನ್‌ರೈಸ್ ಅನ್ನುವ ಜಾಗದ ರಸ್ತೆ ತೆರೆಯುವುದೇ ಜುಲೈ ಶುರುವಿನಲ್ಲಿ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮತ್ತೆ ಮುಚ್ಚುವ ದಿನ ಬರುತ್ತದೆ. ತೊಗರಿ ರಾಶಿ ಮುಗಿಸಿ ಜನವರಿಗೆ ಬಂದರಂತೂ ಸಂಜೆ ಐದಕ್ಕೆ ಕತ್ತಲು, ದಿನಾ ಜಿಟಿಜಿಟಿ ಮಳೆ. ಹಾಗಾಗಿ ಆಗಸ್ಟ್ ಕೊನೆಯ ವಾರವೇ ಒಳ್ಳೆಯದು. ಅಷ್ಟೊತ್ತಿಗೆ ಎಡೆ ಹೊಡೆಯುವುದು ಮುಗಿದಿರುತ್ತದೆ. ತೊಗರಿ ಕುಡಿ ಚಿವುಟುವುದನ್ನು ಅಣ್ಣ ನಿಂತು ಮಾಡಿಸುತ್ತಾನೆ. ಅವ್ವ, ಶ್ರಾವಣ ಸೋಮವಾರ ಬಂದರೆ ಚಿಂತೆ ಮಾಡಬೇಡ. ಆ ದಿನ ನಡೆದಾಟ ಕಮ್ಮಿ ಇರುವ ಹಾಗೆ ಇಟ್ಟಿದ್ದೇನೆ. ನಿನ್ನ ಒಪ್ಪತ್ತಿಗೆ ಏನೂ ತೊಂದರೆ ಆಗುವುದಿಲ್ಲ.

ಅಮೆರಿಕಕ್ಕೆ ಹೋಗಿ ನಯಾಗರ ಬಿಟ್ಟು ಗುಡ್ಡ ಕಾಡು ಯಾಕೆ ಅಂತ ಕಾಕಾ ಕೇಳಿದರಂತೆ. ನಯಾಗರ ಇರುವುದು ಈ ದೇಶದ ಆ ತುದಿಯಲ್ಲಿ. ಅದನ್ನು ಇನ್ನೊಮ್ಮೆ ಬಂದಾಗ ನೋಡಬಹುದು. ಈ ದಾರಿಯನ್ನು ನಾನು ಆರಿಸಿದ್ದು ಅಪ್ಪಾಜಿಗೋಸ್ಕರ.

ಅಪ್ಪಾಜಿ, ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಜೂನ್ ಬಂದರೆ ನೀವು ಅಂಗಳದಲ್ಲಿ ನಿಂತು ಪಡುವಣ ದಿಕ್ಕನ್ನೇ ನೋಡುತ್ತೀರಿ. ಮೋಡ ಬರುತ್ತವೆ, ಹೋಗುತ್ತವೆ. ಅರಬ್ಬೀ ಸಮುದ್ರದಿಂದ ಬಂದ ಮಳೆಯನ್ನೆಲ್ಲ ಸಹ್ಯಾದ್ರಿ ಮೊದಲು ಹಿಡಿದುಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿದರೆ, ಬೆಟ್ಟದ ಈ ಕಡೆ ಇರುವ ನಮಗೆ ಸಿಗುವುದು ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಆ ಒಂದು ಪಾಲಿನಲ್ಲೇ ನೀವು ನಮ್ಮನ್ನೆಲ್ಲ ಓದಿಸಿದಿರಿ.

ಇಲ್ಲಿ ಒಲಿಂಪಿಕ್ ಅಂತ ಒಂದು ಬೆಟ್ಟಸಾಲಿದೆ. ಸಮುದ್ರದ ಪಕ್ಕದಲ್ಲೇ ಎದ್ದು ನಿಂತಿದೆ. ಅದೂ ಇದೇ ಕೆಲಸ ಮಾಡುತ್ತದೆ. ಪೆಸಿಫಿಕ್ ಸಾಗರದಿಂದ ಬರುವ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಇದ್ದ ನೀರನ್ನೆಲ್ಲ ಪಶ್ಚಿಮದ ಮಗ್ಗುಲಲ್ಲಿ ಸುರಿದುಬಿಡುತ್ತದೆ. ಅಲ್ಲಿ ಹೋಹ್ ಅನ್ನುವ ಕಾಡಿಗೆ ವರ್ಷಕ್ಕೆ ಸುಮಾರು 140 ಇಂಚು ಮಳೆ. ಅಲ್ಲಿಂದ ಹಕ್ಕಿ ಹಾರಿದ ಹಾಗೆ ಅಳೆದರೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಈ ಕಡೆ, ಸ್ಕ್ವಿಮ್ ಅನ್ನುವ ಊರಿದೆ. ಅಲ್ಲಿಗೆ ಬರೀ 16 ಇಂಚು! ನಮ್ಮ ಕಲಬುರಗಿಗೆ ಬೀಳುವ ಮಳೆಯ ಅರ್ಧ. ನಮ್ಮ ಮನೆಯಿಂದ ಆಳಂದ ದಾಟಿ ಇನ್ನೊಂದಿಷ್ಟು ಮುಂದೆ ಹೋದಷ್ಟು ದೂರದಲ್ಲಿ ಇಷ್ಟು ವ್ಯತ್ಯಾಸ. ಈ ಎರಡೂ ಮಗ್ಗುಲನ್ನು ನಿಮ್ಮ ಕಣ್ಣಿಗೆ ತೋರಿಸಬೇಕು ಅನ್ನುವುದು ನನ್ನ ಬಹಳ ವರ್ಷದ ಆಸೆ.

ಹಾಗಾಗಿ ಮೊದಲು ಒಣ ಮಗ್ಗುಲಿಗೇ ಹೋಗುವುದು. ಶನಿವಾರ ಬೆಳಿಗ್ಗೆ ಸಿಯಾಟಲ್‌ನಲ್ಲಿ ಕಾರಿನ ಸಮೇತ ಹಡಗು ಹತ್ತುತ್ತೇವೆ. ಅವ್ವ, ಕಾರನ್ನು ಕೆಳಗಡೆ ಬಿಟ್ಟು ನಾವು ಮೇಲೆ ಬಂದು ಕಿಟಕಿ ಪಕ್ಕ ಕೂರಬಹುದು. 35 ನಿಮಿಷದ ದಾರಿ. ಆಚೆ ದಡದಲ್ಲಿ ಇಳಿದು ಮುಂದೆ ಹೋದರೆ ನೀರಿನ ಮೇಲೆ ತೇಲುವ ಸೇತುವೆ ಬರುತ್ತದೆ. ಅದರ ಮೇಲೇ ಕಾರು ಹೋಗುತ್ತದೆ. ಮಧ್ಯಾಹ್ನದೊಳಗೆ ಸ್ಕ್ವಿಮ್. ಅಲ್ಲಿನ ರೈತರು 1895–96ರಲ್ಲಿ ಡಂಜನೆಸ್ ನದಿಯಿಂದ ಕಾಲುವೆ ತೋಡಿ ಆ ಒಣ ಬಯಲಿಗೆ ನೀರು ತಂದರು. ಕಾಲುವೆಗೆ ನೀರು ಬಂದ ಸಂತೋಷಕ್ಕೆ ಶುರುವಾದ ಊರ ಹಬ್ಬವನ್ನು ಇವತ್ತಿಗೂ ಪ್ರತಿ ಮೇ ತಿಂಗಳಲ್ಲಿ ಮಾಡುತ್ತಾರೆ. ಈಗ ಅಲ್ಲಿ ಲ್ಯಾವೆಂಡರ್ ಅನ್ನುವ ಸುವಾಸನೆಯ ಹೂಗಿಡ ಬೆಳೆಯುತ್ತಾರೆ. ಆ ಹೊಲಗಳ ಬದುವಿನ ಮೇಲೆ ನೀವು ಒಂದು ಸುತ್ತು ಹಾಕಿ ಮಣ್ಣು ಕೈಗೆ ತಗೊಂಡು ನೋಡಿ. ಎಷ್ಟು ಹೊತ್ತು ಬೇಕಾದರೂ ನಿಲ್ಲೋಣ, ಆ ದಿನ ಬೇರೆ ಕೆಲಸ ಇಟ್ಟುಕೊಂಡಿಲ್ಲ. ರಾತ್ರಿ ಪೋರ್ಟ್ ಏಂಜಲಿಸ್‌ನಲ್ಲಿ ವಸತಿ.

ಭಾನುವಾರ ಹರಿಕೇನ್ ರಿಜ್. ಸಮುದ್ರದ ದಂಡೆಯಿಂದ 17 ಮೈಲಿ ರಸ್ತೆಯಲ್ಲಿ 5,242 ಅಡಿ ಎತ್ತರಕ್ಕೆ ಹತ್ತುತ್ತೇವೆ. ಅಲ್ಲಿ ನಿಂತರೆ ಒಂದು ಕಡೆ ಹಿಮದ ಶಿಖರಗಳ ಸಾಲು, ಇನ್ನೊಂದು ಕಡೆ ಜಲಸಂಧಿಯ ಆಚೆ ಕೆನಡಾ ದೇಶ ಕಾಣುತ್ತದೆ. ಮೇಲಿದ್ದ ದೊಡ್ಡ ಕಟ್ಟಡ 2023ರ ಮೇ ತಿಂಗಳಲ್ಲಿ ಸುಟ್ಟುಹೋಯಿತು. ಹಾಗಾಗಿ ಊಟ, ನೀರು ನಾವೇ ಕಟ್ಟಿಕೊಂಡು ಬೇಗ ಹೋಗಬೇಕು. ಜಿಂಕೆಗಳು ಹತ್ತಿರವೇ ಮೇಯುತ್ತಿರುತ್ತವೆ. ಅವ್ವ, ನಿನಗೆ ಏನಾದರೂ ತಿನ್ನಿಸಬೇಕು ಅನ್ನಿಸುತ್ತದೆ, ನನಗೆ ಗೊತ್ತು. ಇಲ್ಲಿ ಕಾಡುಪ್ರಾಣಿಗೆ ಒಂದು ಕಾಳು ಹಾಕಿದರೂ ತಪ್ಪು. ಮನುಷ್ಯರ ಕೈ ನೋಡುವುದು ರೂಢಿಯಾದರೆ ಅವು ಕಾಡಿನಲ್ಲಿ ಬದುಕುವುದನ್ನೇ ಮರೆಯುತ್ತವೆ.

ಸೋಮವಾರ ಕ್ರೆಸೆಂಟ್ ಸರೋವರ. ದಂಡೆಯಲ್ಲಿ ಕೂತಿರುವುದೇ ಆ ದಿನದ ಕೆಲಸ. ದಾರಿಯಲ್ಲಿ ಎಲ್ವಾ ನದಿ ದಾಟುತ್ತೇವೆ. ಅಪ್ಪಾಜಿ, ಈ ನದಿಗೆ ಎರಡು ಅಣೆಕಟ್ಟು ಇದ್ದವು. ಕರೆಂಟಿಗಾಗಿ ಕಟ್ಟಿದ್ದು. ಸಾಲ್ಮನ್ ಮೀನು ಸಮುದ್ರದಿಂದ ನದಿಯ ಮೇಲ್ಭಾಗಕ್ಕೆ ಈಜಿ ಹೋಗಿ ಮೊಟ್ಟೆ ಇಡುತ್ತದೆ. ಅಣೆಕಟ್ಟು ಆ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ನದಿ ಬಾಯಿಯಲ್ಲಿ ಇರುವ ಕ್ಲಾಲಮ್ ಬುಡಕಟ್ಟಿನ ಜನ ಆ ಮೀನಿನ ಮೇಲೇ ಬದುಕಿದವರು. ಅವರು ಬಹಳ ವರ್ಷ ಹೋರಾಡಿದರು. 2011ರಿಂದ 2014ರ ನಡುವೆ ಎರಡೂ ಅಣೆಕಟ್ಟನ್ನು ಸರ್ಕಾರವೇ ಒಡೆದು ತೆಗೆಯಿತು. ಮೀನು ವಾಪಸ್ಸು ಬಂದವು. ಕಟ್ಟಿದ ಅಣೆಕಟ್ಟನ್ನು ಒಡೆಯುತ್ತಾರೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ, ಅಲ್ವಾ? ಬೆಣ್ಣೆತೊರೆ ಅಣೆಕಟ್ಟಿನ ನೀರಿಗೆ ಕಾಯುವ ನಮಗೆ ಇದು ಬೇರೆಯೇ ಲೋಕ. ಆದರೂ ಆ ಜನಕ್ಕೆ ನ್ಯಾಯ ಸಿಕ್ಕಿತು ಅಂತ ನನಗೆ ಅನ್ನಿಸುತ್ತದೆ. ನೀವು ಏನು ಹೇಳುತ್ತೀರೋ ಕೇಳಬೇಕು.

ಮಂಗಳವಾರ ಹೋಹ್ ಕಾಡು. ಈ ದಿನಕ್ಕಾಗಿಯೇ ಇಡೀ ಲೆಕ್ಕ ಹಾಕಿದ್ದೇನೆ. ಬೇಸಿಗೆಯಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ತಡವಾಗಿ ಹೋದವರು ಗೇಟಿನ ಹತ್ತಿರ ತಾಸುಗಟ್ಟಲೆ ಕಾಯಬೇಕು. ಶನಿವಾರ, ಭಾನುವಾರ ಇನ್ನೂ ಜಾಸ್ತಿ. ಅದಕ್ಕೇ ವಾರದ ನಡುವೆ ಬರುವ ಹಾಗೆ ಇಟ್ಟಿದ್ದೇನೆ. ಹಿಂದಿನ ರಾತ್ರಿ ಫೋರ್ಕ್ಸ್ ಊರಿನಲ್ಲಿ ಉಳಿದು ಆರೂವರೆಗೆ ಹೊರಡಬೇಕು. ನೀವಿಬ್ಬರೂ ಹೇಗಿದ್ದರೂ ನಾಲ್ಕೂವರೆಗೆ ಏಳುತ್ತೀರಿ, ಲಿಂಗಪೂಜೆ ಮುಗಿಸಿ ಹೊರಡಲು ಬೇಕಾದಷ್ಟು ಸಮಯ ಇರುತ್ತದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಆಗಸ್ಟ್‌ನಲ್ಲಿ ಅಲ್ಲಿ ಮಳೆ ಕಮ್ಮಿ. ಅಲ್ಲಿನ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ನಾವು ನೋಡುವುದು ಆ ಮಳೆ ಮಾಡಿಟ್ಟ ಕೆಲಸವನ್ನು. ಹೋದ ಬೇಸಿಗೆಯಲ್ಲಿ ನಾವು ಅಲ್ಲಿದ್ದಾಗ ಒಂದು ಮರದ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಬಿದ್ದ ಮರ. ದಪ್ಪ ಎಷ್ಟೆಂದರೆ ಅದರ ಆಚೆ ನಿಂತ ನಿಮ್ಮ ಅಳಿಯನ ತಲೆ ಮಾತ್ರ ಕಾಣುತ್ತಿತ್ತು. ಮೇಲೆಲ್ಲ ಪಾಚಿ. ಬೆರಳಿಟ್ಟರೆ ಗೆಣ್ಣಿನ ತನಕ ಒಳಗೆ ಹೋಗುತ್ತದೆ, ತಣ್ಣನೆ ನೀರು ಒಸರುತ್ತದೆ. ಆ ಪಾಚಿಯ ಮೇಲೆ, ಮರದ ಉದ್ದಕ್ಕೂ, ಕೂರಿಗೆ ಹಿಡಿದು ಬಿತ್ತಿದ ಹಾಗೆ ಒಂದೇ ಸಾಲಿನಲ್ಲಿ ಗೇಣುದ್ದದ ಸಸಿಗಳು. ಕೆಳಗೆ ನೆಲದಲ್ಲಿ ಜರಿಗಿಡ, ಪಾಚಿ ಎಲ್ಲ ಇಡುಕಿರಿದು ಬೀಜಕ್ಕೆ ಜಾಗವೇ ಇಲ್ಲ. ಹಾಗಾಗಿ ಸತ್ತ ಮರದ ಮೇಲೆ ಬೀಜ ಮೊಳೆಯುತ್ತದೆ. ಬೇರು ಮರವನ್ನು ತಬ್ಬಿ ನೆಲಕ್ಕೆ ಇಳಿಯುತ್ತದೆ. ನೂರಾರು ವರ್ಷ ಕಳೆದ ಮೇಲೆ ಕೆಳಗಿನ ಮರ ಕರಗಿ ಹೋಗುತ್ತದೆ, ಮೇಲಿನವು ಸಾಲಾಗಿ ನಿಂತಿರುತ್ತವೆ. ಬುಡದಲ್ಲಿ ಮಾತ್ರ ಪೊಟರೆ ಉಳಿದಿರುತ್ತದೆ. ಅಂಥ ಸಾಲುಗಳನ್ನು ನಿಮಗೆ ತೋರಿಸುತ್ತೇನೆ. ದಾರಿ ಒಂದು ಮೈಲಿಗಿಂತ ಕಮ್ಮಿ. ಸಣ್ಣ ಏರು ಇದೆ ಅಷ್ಟೆ. ಅವ್ವನ ಮೊಣಕಾಲಿಗೂ ಆಗುತ್ತದೆ.

ಅದೇ ಸಂಜೆ ರಿಯಾಲ್ಟೋ ದಂಡೆ. ಅಲ್ಲಿ ಮರಳಿಗಿಂತ ನುಣ್ಣನೆ ಬೆಣಚುಕಲ್ಲೇ ಜಾಸ್ತಿ. ಅಲೆ ಹಿಂದೆ ಸರಿದಾಗ ಕಲ್ಲು ಕಲ್ಲು ಉರುಳಿ ಗಲಗಲ ಸದ್ದು ಬರುತ್ತದೆ. ನದಿಗಳು ಕಾಡಿನಿಂದ ತಂದ ದೊಡ್ಡ ದೊಡ್ಡ ಮರಗಳನ್ನು ಸಮುದ್ರ ದಂಡೆಗೆ ಎಸೆದಿದೆ. ನೋಡಲು ಚೆಂದ, ಆದರೆ ಅಲೆ ಬರುವಾಗ ಅವುಗಳ ಮೇಲೆ ಕೂರಬಾರದು. ಎಷ್ಟು ಭಾರ ಇದ್ದರೂ ಒಂದು ಅಲೆಗೆ ಎದ್ದು ಹೊರಳುತ್ತವೆ, ಜನ ಸತ್ತಿದ್ದಾರೆ. ಭರತ ಇಳಿತದ ವೇಳಾಪಟ್ಟಿ ನೋಡಿಕೊಂಡೇ ಇಳಿಯೋಣ. ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಪಾದ ತೊಳೆದರೆ ಸಾಕು.

ಬುಧವಾರ ರೂಬಿ ದಂಡೆ ನೋಡಿ ದಕ್ಷಿಣಕ್ಕೆ. ಒಲಿಂಪಿಕ್ ಪಾರ್ಕಿನ, ಅಂದರೆ ಆ ಬೆಟ್ಟ ಕಾಡಿನ ರಾಷ್ಟ್ರೀಯ ಉದ್ಯಾನದ, ನಡುವೆ ಹಾದುಹೋಗುವ ರಸ್ತೆ ಒಂದೂ ಇಲ್ಲ. 1938ರಲ್ಲಿ ಪಾರ್ಕ್ ಆಯಿತು, ಒಳಗಿನ ಕಾಡನ್ನು ಹಾಗೇ ಬಿಟ್ಟಿದ್ದಾರೆ. ಎಲ್ಲರೂ ಸುತ್ತು ಹಾಕಿಯೇ ಹೋಗಬೇಕು. ದಂಡೆ ಬಿಟ್ಟ ಮೇಲೆ ನಾಲ್ಕು ತಾಸಿನ ದಾರಿ. ಸರದಿ ಮೇಲೆ ಗಾಡಿ ಓಡಿಸುತ್ತೇವೆ, ನೀವು ಹಿಂದೆ ಮಲಗಬಹುದು. ರಾತ್ರಿ ಆಶ್‌ಫರ್ಡ್‌ನಲ್ಲಿ.

ಗುರುವಾರ, ಶುಕ್ರವಾರ ರೇನಿಯರ್ ಬೆಟ್ಟ. ಮೋಡ ಇಲ್ಲದ ದಿನ ನಮ್ಮ ರೆಂಟನ್‌ನಿಂದಲೇ ಕಾಣುತ್ತದೆ. ಆಗ ಇಲ್ಲಿಯವರು ಅಂಗಡಿಯಲ್ಲಿ, ಬಸ್ಸಿನಲ್ಲಿ "ಇವತ್ತು ಬೆಟ್ಟ ಹೊರಗೆ ಬಂದಿದೆ" ಅಂತ ಮಾತಾಡಿಕೊಳ್ಳುತ್ತಾರೆ. 14,410 ಅಡಿ ಎತ್ತರ. ಮೇಲೆ ಹಿಮ, ಒಳಗೆ ಇನ್ನೂ ಆರದ ಜ್ವಾಲಾಮುಖಿ. 1899ರಲ್ಲೇ ಇದನ್ನು ಪಾರ್ಕ್ ಮಾಡಿದರು. ಗುರುವಾರ ಪ್ಯಾರಡೈಸ್ ಅನ್ನುವ ಜಾಗ, 5,400 ಅಡಿಯಲ್ಲಿದೆ. 1971–72ರ ಚಳಿಗಾಲದಲ್ಲಿ ಅಲ್ಲಿ 1,122 ಇಂಚು ಹಿಮ ಬಿದ್ದಿತ್ತು. ಅಂದರೆ ತೊಂಬತ್ತು ಅಡಿ ಮೀರಿ. ಆಗಸ್ಟ್ ಕೊನೆಗೂ ಅಲ್ಲಲ್ಲಿ ಉಳಿದ ಹಿಮ ಇರಬಹುದು, ಹುಲ್ಲುಗಾವಲಲ್ಲಿ ಹೂವೂ ಇರುತ್ತದೆ. ಹಿಮನದಿ ಕಾಣುವ ಒಂದು ಸಣ್ಣ ಸುತ್ತುದಾರಿ ಇದೆ, ಅಷ್ಟು ನಡೆದರೆ ಸಾಕು. ಶುಕ್ರವಾರ ಸನ್‌ರೈಸ್, 6,400 ಅಡಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತ ಒಂದಿಷ್ಟು ಮೇಲೆ, ಅದೂ ಕಾರಿನಲ್ಲೇ. ಅಲ್ಲಿಂದ ಸಂಜೆಯೊಳಗೆ ಮನೆ. ಎತ್ತರದ ಜಾಗವನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಅಷ್ಟು ದಿನದಲ್ಲಿ ನಿಮಗೆ ಇಲ್ಲಿನ ಹವೆ ಒಗ್ಗಿರುತ್ತದೆ. ಆದರೂ ಅಪ್ಪಾಜಿ, ಬಿಪಿ ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಂಡು ಬನ್ನಿ. ಮಾತ್ರೆ ಪೂರ್ತಿ ತನ್ನಿ, ಚೀಟಿಯೂ ಇರಲಿ.

ಖರ್ಚಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಒಂದೊಂದು ಪಾರ್ಕಿನ ಪ್ರವೇಶ ಒಂದು ಕಾರಿಗೆ 30 ಡಾಲರ್, ಅದು ಏಳು ದಿನ ನಡೆಯುತ್ತದೆ. ದುಡ್ಡು ಹೋಗುವುದು ವಸತಿಗೆ. ಪಾರ್ಕಿನ ಒಳಗಿನ ಕೋಣೆಗಳು ಬಹಳ ಮೊದಲೇ ತುಂಬಿಹೋಗುತ್ತವೆ. ಅದಕ್ಕೆ ಹೊರಗಿನ ಊರುಗಳಲ್ಲಿ, ಅಡುಗೆ ಮಾಡಲು ಒಲೆ ಇರುವ ಮನೆಗಳನ್ನೇ ನೋಡಿದ್ದೇನೆ. ಅನ್ನ, ಬೇಳೆ ಅಲ್ಲೇ ಮಾಡಿಕೊಳ್ಳೋಣ.

ಅವ್ವ, ನೀನು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ತಂದರೆ ಇಡೀ ವಾರದ ಬುತ್ತಿ ಆಯಿತು. ವಿಮಾನ ಇಳಿದಾಗ ತಿನ್ನುವ ಸಾಮಾನು ಏನೇನಿದೆ ಎಲ್ಲ ಹೇಳಬೇಕು, ಹೇಳಿದರೆ ಏನೂ ತೊಂದರೆ ಇಲ್ಲ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಮಾತ್ರ ಬೇಡ. ಸ್ವೆಟರ್ ಇಬ್ಬರಿಗೂ ಬೇಕು. ಮಳೆಕೋಟು ನನ್ನ ಹತ್ತಿರ ಇದೆ.

ಮತ್ತೆ ಬೂಟು. ಅಪ್ಪಾಜಿ, ಚಪ್ಪಲಿ ಮೇಲೆ ಬರಬೇಡಿ. ಅಣ್ಣನ ಜೊತೆ ಸೂಪರ್ ಮಾರ್ಕೆಟ್‌ಗೆ ಹೋಗಿ ಈಗಲೇ ಇಬ್ಬರಿಗೂ ಬೂಟು ಕೊಳ್ಳಿ. ದಿನಾ ಬೆಳಿಗ್ಗೆ ಅಪ್ಪನ ಕೆರೆ ಸುತ್ತ ಅದನ್ನೇ ಹಾಕಿಕೊಂಡು ನಡೆಯಿರಿ. ಹೊಸ ಬೂಟು ಇಲ್ಲಿ ಬಂದು ಕಚ್ಚಿದರೆ ಎಲ್ಲ ದಾರಿಯೂ ಅರ್ಧಕ್ಕೇ ನಿಲ್ಲುತ್ತದೆ.

ಬೆಟ್ಟ ಕಾಡಿನೊಳಗೆ ಫೋನು ಹಿಡಿಯುವುದಿಲ್ಲ. ಒಂದೊಂದು ದಿನ ಅಣ್ಣನಿಗೆ ನಮ್ಮ ಕರೆ ಬರದಿದ್ದರೆ ಗಾಬರಿ ಬೇಡ ಅಂತ ವೈನಿಗೂ ಹೇಳಿಡಿ. ಯಾವ ರಾತ್ರಿ ಎಲ್ಲಿರುತ್ತೇವೆ ಅನ್ನುವುದನ್ನು ನಕ್ಷೆಯ ಹಿಂದೆ ಬರೆದಿದ್ದೇನೆ.

ಟಿಕೆಟ್ ಹೈದರಾಬಾದಿನಿಂದಲೇ ನೋಡುತ್ತಿದ್ದೇನೆ, ಬೆಂಗಳೂರಿಗಿಂತ ನಿಮಗೆ ಅದು ಹತ್ತಿರ. ಬಿತ್ತನೆ ಆದ ಮೇಲೆ ಅಣ್ಣನ ಜೊತೆ ಕೂತು ತಾರೀಖು ಗಟ್ಟಿ ಮಾಡಿ ಹೇಳಿ. ವಸತಿಗೆ ಮುಂಗಡ ಕಟ್ಟುವುದು ಅದರ ಮೇಲೇ ನಿಂತಿದೆ. ಅವ್ವ, ಈ ಪತ್ರವನ್ನು ಪುಟ್ಟಿಯ ಕೈಲಿ ಪೂರ್ತಿ ಓದಿಸಿ ಕೇಳು. ಇದರಲ್ಲಿ ನಿನಗೆ ಬೇಡ ಅನ್ನಿಸಿದ್ದು ಏನಾದರೂ ಇದ್ದರೆ ಸಂಕೋಚ ಮಾಡದೆ ಹೇಳು, ಬದಲು ಮಾಡುತ್ತೇನೆ.

ನಿಮ್ಮ ಮಗಳು,
ಸುಜಾತಾ