ಜಿಂಕೆಗೆ ಮಂಡಕ್ಕಿ ಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ಮಗಳು, ಅಳಿಯ ಮತ್ತು ಇಬ್ಬರು ಮೊಮ್ಮಕ್ಕಳೊಂದಿಗೆ ನಾನೂ ನನ್ನ ಪತ್ನಿಯೂ ದಾವಣಗೆರೆಯಿಂದ ಹೊರಟು ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯಕ್ಕೆ ಹೋಗಿದ್ದೆವು. ಅಲ್ಲಿ ನಡೆದ ಒಂದು ಪ್ರಸಂಗದಲ್ಲಿ ತಪ್ಪು ನನ್ನದೇ ಆಗಿದ್ದರೂ ಅದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಿಕೊಳ್ಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ದಾವಣಗೆರೆಯವರು ಎಲ್ಲಿಗೆ ಹೊರಟರೂ ಚೀಲದಲ್ಲಿ ಮಂಡಕ್ಕಿ ಇರಲೇಬೇಕು. ನಮ್ಮ ಚೀಲದಲ್ಲಿಯೂ ಒಗ್ಗರಣೆ ಹಾಕಿದ ಮಂಡಕ್ಕಿಯ ಎರಡು ದೊಡ್ಡ ಪೊಟ್ಟಣಗಳಿದ್ದವು. ಚುಕ್ಕೆ ಜಿಂಕೆಗಳ ಆವರಣದ ಮುಂದೆ ನಿಂತಾಗ ಒಂದು ಜಿಂಕೆ ಜಾಲರಿಯ ಹತ್ತಿರಕ್ಕೆ ಬಂದು ಮೂಗು ಚಾಚಿತು. ‘ಪಾಪ, ಹಸಿದಿದೆ’ ಎಂದು ನಾನೇ ಒಂದು ಪೊಟ್ಟಣ ಬಿಚ್ಚಿ ಆರು ವರ್ಷದ ಮೊಮ್ಮಗನ ಕೈಗೆ ಕೊಟ್ಟೆ. ಅವನು ಎರಡು ಹಿಡಿ ಎರಚಿದ. ಅಷ್ಟರಲ್ಲಿ ಜೋಗಿಮಟ್ಟಿಯ ಕಡೆಯಿಂದ ಬೀಸಿದ ಗಾಳಿಗೆ ಅರ್ಧ ಖಾಲಿಯಾಗಿದ್ದ ಪ್ಲಾಸ್ಟಿಕ್ ಕವರ್ ಅವನ ಕೈಜಾರಿ ಜಾಲರಿಯ ಕೆಳಗಿನ ಸಂದಿನಲ್ಲಿ ಒಳಕ್ಕೆ ತೂರಿತು. ಎಣ್ಣೆಯ ಜಿಡ್ಡೂ ಉಪ್ಪೂ ಹತ್ತಿದ್ದ ಆ ಕವರನ್ನು ಜಿಂಕೆ ಮೊದಲು ನೆಕ್ಕಿತು, ಆಮೇಲೆ ಅದರ ತುದಿಯನ್ನು ಬಾಯಿಗೆ ತೆಗೆದುಕೊಂಡು ಹುಲ್ಲು ಜಗಿಯುವಷ್ಟೇ ನಿಧಾನವಾಗಿ ಜಗಿಯತೊಡಗಿತು. ನಾವು ಆರು ಮಂದಿ ಹೊರಗೆ ನಿಂತು ‘ಹೋ, ಹೋ’ ಎಂದು ಕೂಗಿದಷ್ಟೂ ಅದು ಕವರನ್ನು ಕಚ್ಚಿಕೊಂಡೇ ಹಿಂದೆ ಸರಿಯಿತು. ನಮ್ಮ ಗದ್ದಲ ಕೇಳಿ ಓಡಿ ಬಂದ ಕಾವಲಿನವರು ನಮ್ಮನ್ನು ಮೊದಲು ಸುಮ್ಮನಾಗಿಸಿ, ಪಕ್ಕದ ಬಾಗಿಲಿನಿಂದ ಒಳಹೊಕ್ಕು, ಹಸಿ ಸೊಪ್ಪಿನ ಒಂದು ಕಟ್ಟನ್ನು ಮುಂದೆ ಹಿಡಿದು ನಿಂತರು. ಜಿಂಕೆ ಸೊಪ್ಪಿಗಾಗಿ ಬಾಯಿ ತೆರೆದಾಗ ಕವರ್ ಕೆಳಗೆ ಬಿತ್ತು. ಅದರ ಒಂದು ಮೂಲೆ ಅಷ್ಟರಲ್ಲಾಗಲೇ ಹರಿದು ಹೋಗಿತ್ತು. ಹೊರಗೆ ಬಂದ ಅವರು ನನ್ನನ್ನು ಬೈಯಲಿಲ್ಲ. ‘ಅಜ್ಜಾರ, ಅದಕ್ಕೆ ಹಸಿವಾಗಿಲ್ಲ, ಮಂದಿ ಕೊಟ್ಟು ಕೊಟ್ಟು ರೂಢಿ ಆಗೈತಿ’ ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ನಾನು ಹುಟ್ಟಿ ಬೆಳೆದದ್ದು ರೈತಾಪಿ ಮನೆಯಲ್ಲಿ. ಹಸು ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿದರೆ ಏನಾಗುತ್ತದೆಂಬುದು ನಮ್ಮ ಕಡೆಯ ಯಾವ ರೈತನಿಗೂ ಹೇಳಿಕೊಡಬೇಕಾದ ವಿಷಯವಲ್ಲ: ಹೊಟ್ಟೆ ಉಬ್ಬರಿಸಿ, ಮೇವು ಬಿಟ್ಟು ಮಲಗಿಬಿಡುತ್ತದೆ, ಪಶುವೈದ್ಯರು ಬರುವುದು ತಡವಾದರೆ ಜೀವವೇ ಹೋಗುತ್ತದೆ. ಜಿಂಕೆಯೂ ಹಸುವಿನಂತೆಯೇ ಮೆಲುಕು ಹಾಕುವ, ನಾಲ್ಕು ಕೋಣೆಗಳ ಹೊಟ್ಟೆಯ ಪ್ರಾಣಿ. ಆ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು ಸೊಪ್ಪಿನ ನಾರನ್ನು ನಿಧಾನವಾಗಿ ಕರಗಿಸಲು ಹೊಂದಿಕೊಂಡಿರುತ್ತವೆ. ಅಲ್ಲಿಗೆ ಪಿಷ್ಟ ಒಮ್ಮೆಲೇ ಹೆಚ್ಚಾಗಿ ಬಿದ್ದರೆ ಅದು ಬೇಗನೆ ಹುಳಿತು ಆಮ್ಲವಾಗುತ್ತದೆ. ಮಂಡಕ್ಕಿ ಎಂದರೆ ಹುರಿದು ಅರಳಿಸಿದ ಅಕ್ಕಿಯೇ, ಅಂದರೆ ಬಹುಪಾಲು ಪಿಷ್ಟವೇ. ನನ್ನ ಮೊಮ್ಮಗ ಹಾಕಿದ ಎರಡು ಹಿಡಿಯಿಂದ ಯಾವ ಜಿಂಕೆಯೂ ಸಾಯುವುದಿಲ್ಲ ಎಂಬುದು ನಿಜವಾದರೂ, ಭಾನುವಾರ ಬರುವ ಪ್ರತಿ ಕುಟುಂಬವೂ ತನ್ನದು ಎರಡೇ ಹಿಡಿ ಎಂದುಕೊಂಡರೆ, ಜಾಲರಿಯ ಆಚೆಗಿರುವ ಪ್ರಾಣಿಗೆ ಅದು ರಾಶಿಗೆ ಬಾಯಿ ಹಾಕಿದಂತೆಯೇ ಆಗುತ್ತದೆ. ಪ್ಲಾಸ್ಟಿಕ್‌ನ ವಿಷಯ ಇನ್ನೂ ಕಠಿಣ. ಅದು ಕರಗುವುದಿಲ್ಲ, ಮುಂದಕ್ಕೂ ಸಾಗದೆ ಆ ಮೊದಲ ಕೋಣೆಯಲ್ಲೇ ಸುತ್ತಿಕೊಂಡು ಉಳಿಯುತ್ತದೆ. ನಮ್ಮ ಮಾರುಕಟ್ಟೆಗಳ ಬೀಡಾಡಿ ದನಗಳ ಹೊಟ್ಟೆ ಕೊಯ್ದು ಪಶುವೈದ್ಯರು ಹೊರತೆಗೆಯುವ ಪ್ಲಾಸ್ಟಿಕ್ ಗಂಟುಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿಯೂ ನನಗೆ ಅಂದು ಆ ನೆನಪು ಬರಲಿಲ್ಲ.

ಪ್ರಾಣಿಗಳಿಗೆ ತಿನಿಸು ಹಾಕಬಾರದೆಂಬುದು ಮೃಗಾಲಯದವರ ಶಿಸ್ತಿನ ಮಾತು ಮಾತ್ರವೆಂದು ನನ್ನಂತೆ ಹಲವರು ತಿಳಿದಿರಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 38ಜೆ ಕಲಮಿನಂತೆ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗಾಯಗೊಳಿಸುವುದು, ಅದಕ್ಕೆ ಆಹಾರ ಹಾಕುವುದು, ಗದ್ದಲದಿಂದ ತೊಂದರೆ ಕೊಡುವುದು, ಅಲ್ಲಿ ಕಸ ಎಸೆಯುವುದು ಎಲ್ಲವೂ ಅಪರಾಧ; ಜೈಲು ಶಿಕ್ಷೆಗೂ ಅವಕಾಶವಿದೆ. ಆ ಲೆಕ್ಕದಲ್ಲಿ ನಮ್ಮ ಕುಟುಂಬ ಐದು ನಿಮಿಷದಲ್ಲಿ ಮೂರು ಅಪರಾಧ ಮಾಡಿತ್ತು. ಚಿರತೆಯ ಆವರಣದ ಮುಂದೆ ಕೆಲವು ಯುವಕರು ಶಿಳ್ಳೆ ಹಾಕುತ್ತಿದ್ದುದನ್ನು ಕಂಡು ಅದಕ್ಕೆ ಮುಂಚೆ ನಾನು ಸಿಡಿಮಿಡಿಗೊಂಡಿದ್ದೆ. ರಾತ್ರಿ ಓಡಾಡಿ ಹಗಲು ಮಲಗುವ ಆ ಪ್ರಾಣಿ ಕಣ್ಣು ತೆರೆಯದಿದ್ದರೂ, ಪ್ರತಿ ಶಿಳ್ಳೆಗೂ ಅದರ ಒಂದು ಕಿವಿ ತಿರುಗುತ್ತಿತ್ತು.

ಹಸಿದವರಿಗೆ ತಿನ್ನಲು ಕೊಡುವುದು ಪುಣ್ಯವೆಂಬ ನಂಬಿಕೆಯಲ್ಲೇ ಬೆಳೆದ ನಮಗೆ, ಕೊಡಬೇಡಿ ಎಂಬ ಮಾತು ಒರಟಾಗಿ ಕೇಳಿಸುತ್ತದೆ. ಆದರೆ ಮೃಗಾಲಯದಲ್ಲಿ ಪ್ರತಿ ಪ್ರಾಣಿಗೂ ಅದರ ತೂಕ, ವಯಸ್ಸು ನೋಡಿ ಆಹಾರ ನಿಗದಿಯಾಗಿರುತ್ತದೆ. ಹುಲಿ, ಚಿರತೆಗಳಿಗೆ ವಾರಕ್ಕೊಂದು ದಿನ ಉಪವಾಸ ಇಡುವ ಪದ್ಧತಿಯೂ ಇದೆ. ಇದನ್ನು ಕೇಳಿ ಸೋಮವಾರ ಒಪ್ಪತ್ತು ಮಾಡುವ ನನ್ನ ಪತ್ನಿಗೆ ಬಹಳ ಸಮಾಧಾನವಾಯಿತು. ಕೊಡಲೇಬೇಕೆನ್ನುವವರಿಗೆ ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆಯಿದ್ದು, ಇಷ್ಟವಾದ ಪ್ರಾಣಿಯ ಆಹಾರದ ವೆಚ್ಚವನ್ನು ನಿಗದಿತ ಅವಧಿಗೆ ಭರಿಸಬಹುದು. ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಕೇಕಿಗೆ ಹಾಕುವ ಹಣವನ್ನು ಈ ವರ್ಷ ಅದಕ್ಕೆ ಕೊಡೋಣವೆಂದು ಅಳಿಯ ಒಪ್ಪಿದ್ದಾನೆ. ಮೊಮ್ಮಕ್ಕಳು ಇನ್ನೂ ಒಪ್ಪಿಲ್ಲ.

ನನ್ನ ಕೋರಿಕೆ ಇಷ್ಟೇ. ಮೃಗಾಲಯಗಳಲ್ಲಿ ‘ಆಹಾರ ಹಾಕಬೇಡಿ’ ಎಂದು ಬರೆಯುವ ಕಡೆ, ಏಕೆ ಹಾಕಬಾರದೆಂಬುದನ್ನೂ ದನ ಕಟ್ಟಿದವರಿಗೆ ತಿಳಿಯುವಂಥ ಎರಡು ಸಾಲಿನಲ್ಲಿ ಬರೆಯಿಸಿದರೆ, ನನ್ನಂಥವರು ಪೊಟ್ಟಣ ಬಿಚ್ಚುವ ಮುಂಚೆ ಒಮ್ಮೆ ಕೈ ತಡೆಯಬಹುದು. ಹಾಗೆಯೇ ಡಿಸೆಂಬರ್ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಹೊರಡುವುದರಿಂದ, ಶಿಕ್ಷಕರು ಹಿಂದಿನ ದಿನವೇ ಮಕ್ಕಳಿಗೆ ಇದನ್ನು ವಿವರಿಸಿ, ಬುತ್ತಿ, ಕುರುಕಲು ಎಲ್ಲವನ್ನೂ ಬಸ್ಸಿನಲ್ಲೇ ಬಿಟ್ಟು ಇಳಿಯುವಂತೆ ಮಾಡಬೇಕೆಂದು ವಿನಂತಿಸುತ್ತೇನೆ. ನಮ್ಮ ಎರಡನೆಯ ಪೊಟ್ಟಣವನ್ನು ನಾವು ಸಂಜೆ ಹೆದ್ದಾರಿಯ ಪಕ್ಕದಲ್ಲಿ ಕಾರು ನಿಲ್ಲಿಸಿ, ಒಳಗೇ ಕುಳಿತು ಖಾಲಿ ಮಾಡಿದೆವು.

ಇಂತಿ,
ನಿವೃತ್ತ ನೌಕರ, ದಾವಣಗೆರೆ